ರುಚಿ ನೋಡದೆ ಬಡಿಸಿದ ವರ್ಷ

ಹೋದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ತಿಕೋಟಾಕ್ಕೆ ಹಾಕಿದ್ದರು. ಕೆಲಸ ಮುಗಿಸಿ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಿಸಿಲು ಅಂದರೆ ಬಿಸಿಲು, ಕೊಡೆಯ ಕಡ್ಡಿ ಮುಟ್ಟಿದರೆ ಕೈ ಚುರ್ ಎನ್ನುವಂಥದು. ಹಿಂದಿನ ಸಣ್ಣ ಮನೆಯೊಂದರಿಂದ ಚಟ್ನಿಗೆ ಗುರೆಳ್ಳು ಹುರಿಯುವ ವಾಸನೆ ಬಂತು. ಮೊದಲು ಒಳ್ಳೆಯ ವಾಸನೆ. ಆಮೇಲೆ ಅರ್ಧ ನಿಮಿಷ ತಡವಾಯಿತು ನೋಡಿ, ಕಮಟು. 'ಅಯ್ಯ ಯವ್ವಾ, ಹೊತ್ತಾಕತ್ತೈತಲ್ಲ, ಇಳಸ!' ಎಂದು ನಿಂತಲ್ಲಿಂದಲೇ ಒದರಿಬಿಟ್ಟೆ. ಪಕ್ಕದಲ್ಲಿದ್ದವರು ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. ಕಿಟಕಿಯ ಒಳಗಿನಿಂದ ಒಬ್ಬ ಹೆಣ್ಣುಮಗಳು, 'ಇಳಿಸೇನ್ರೀ ಅಕ್ಕಾರ' ಎಂದಳು.

ನನಗೇ ನಗು ಬಂತು. ಗುರೆಳ್ಳು ಹೊತ್ತುವುದನ್ನು ಬೀದಿಯಲ್ಲಿ ನಿಂತು ಹೇಳುವ ಹೆಂಗಸು ನಾನಾದದ್ದು ಯಾವಾಗ? ನಾಲ್ಕು ವರ್ಷದ ಹಿಂದೆ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೂ ನನಗೆ ಗುರೆಳ್ಳು ಯಾವುದು, ಸಾಸಿವೆ ಯಾವುದು ಎಂದು ಖಾತ್ರಿಯಿರಲಿಲ್ಲ. ಅಷ್ಟರಲ್ಲಿ ಘೋಣಸಗಿಯ ಬಸ್ಸು ಬಂದು ಮುಂದೆ ನಿಂತಿತು. ಅದರ ಬೋರ್ಡು ಓದಿದ ಮೇಲೆ ನಗು ನಿಂತುಹೋಯಿತು. ನಾನು ಹತ್ತಬೇಕಾದ ಬಸ್ಸು ಅದಲ್ಲ. ಆದರೂ ಅದು ಹೊರಟು ಧೂಳು ಅಡಗುವವರೆಗೂ ನೋಡುತ್ತ ನಿಂತೆ.

ನಾನು ಬಬಲೇಶ್ವರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಮದುವೆಯಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮೂರನೆಯ ಮಾತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ವರ್ಷ ನನಗೆ ನಲವತ್ತನಾಲ್ಕು. ಅಲ್ಲಿಯವರೆಗೆ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. 'ನೀ ಲೆಕ್ಕಾ ಮಾಡು, ನಾ ರೊಟ್ಟಿ ಮಾಡತೇನಿ' ಎಂಬುದು ಅವ್ವ ಮಾಡಿದ ಕರಾರು. ನಾನು ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದೆ, ಬಿಸಿ ತಟ್ಟೆ ಮುಂದೆ ಬರುತ್ತಿತ್ತು, ಉಣ್ಣುತ್ತಿದ್ದೆ. ನಲವತ್ತನಾಲ್ಕು ವರ್ಷದ ಹೆಂಗಸಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ನಮ್ಮ ಕಡೆ ಹೊರಗೆ ಹೇಳುವ ಮಾತಲ್ಲ. ನಾನೂ ಹೇಳುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದಾಗ ಯಾರಾದರೂ 'ಎಷ್ಟು ತೆಳ್ಳಗ ಮಾಡೀರಿ ಮೇಡಂ' ಎಂದರೆ ಸುಮ್ಮನೆ ನಗುತ್ತಿದ್ದೆ.

ನನಗೆ ಇಪ್ಪತ್ತನಾಲ್ಕು ತುಂಬಿದಾಗ, ಎರಡು ಸಂಬಂಧ ತಪ್ಪಿಹೋದ ಮೇಲೆ, ಅವ್ವ ಒಂದು ಹರಕೆ ಹೊತ್ತಿದ್ದಳು. ನನ್ನ ಮದುವೆ ಆಗುವವರೆಗೆ ಪ್ರತಿ ಸೋಮವಾರ ಒಬ್ಬ ಜಂಗಮರಿಗೆ ಊಟ ಹಾಕುವುದು. ಜಂಗಮರೆಂದರೆ ನಮ್ಮ ಮನೆಗಳ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬರುವ ಅಯ್ಯನವರು. ಅವರು ಉಂಡರೆ ಶಿವ ಉಂಡಂತೆ. ಅವ್ವನ ತವರು ಘೋಣಸಗಿ, ಅಲ್ಲಿಯ ಅಯ್ಯನವರನ್ನೇ ಕೇಳಿಕೊಂಡಳು. ಅವರನ್ನು ನಾವು ಅಜ್ಜಾರು ಎನ್ನುತ್ತಿದ್ದೆವು. ಸೋಮವಾರ ಹೇಗಿದ್ದರೂ ಬಜಾರಿನ ಕೆಲಸಕ್ಕೆ ಅವರು ವಿಜಯಪುರಕ್ಕೆ ಬರುವವರು, ಮಧ್ಯಾಹ್ನ ನಮ್ಮಲ್ಲಿ ಉಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷ ಶಿವ ನಮ್ಮ ಮನೆಯಲ್ಲಿ ಉಂಡ, ಒಂದು ವರ ಹುಡುಕಿಕೊಡಲಿಲ್ಲ. 'ಇಷ್ಟು ಉಂಡೂ ಕೆಲಸಾ ಮಾಡದಂವ ಶಿವ ಒಬ್ಬನ ನೋಡಬೇ' ಎಂದು ನಾನು ಅವ್ವನನ್ನು ಕಾಡಿಸುತ್ತಿದ್ದೆ. ಅವ್ವ ಕೈಗೆ ಸಿಕ್ಕ ಸೌಟು ಎತ್ತುತ್ತಿದ್ದಳು. ನನಗೇನೂ ಮದುವೆಯ ಹಂಬಲ ಉಳಿದಿರಲಿಲ್ಲ. ಅವಳಿಗೂ ಆಮೇಲಾಮೇಲೆ ಉಳಿದಿರಲಿಲ್ಲವೆಂದು ಕಾಣುತ್ತದೆ. ಆದರೆ ಹರಕೆಗೆ ಕೊನೆ ಎಲ್ಲಿ? ನಡೆಯುತ್ತಲೇ ಇತ್ತು.

ಕಾರಹುಣ್ಣಿಮೆಯ ಮರುದಿನ ಅವ್ವ ಹೋದಳು. ಬೆಳಿಗ್ಗೆ ಹಿಟ್ಟು ಸೋಸುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳು. ಕಾರ್ಯಗಳೆಲ್ಲ ಮುಗಿದು ನೆಂಟರು ಹೋದರು. ಹೋಗುವಾಗ ಎಲ್ಲರೂ 'ಹೊತ್ತಿಗೆ ಸರಿಯಾಗಿ ಉಣ್ಣು' ಎಂದೇ ಹೇಳಿ ಹೋದರು. ಏನನ್ನು ಉಣ್ಣಬೇಕು, ಯಾರು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಹತ್ತಿರದ ಖಾನಾವಳಿಯಿಂದ ಡಬ್ಬಿ ಗೊತ್ತುಮಾಡಿದೆ. ಸಂಜೆ ಬಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನಿಂತುಕೊಂಡೇ ತಿಂದು, ಕೈ ತೊಳೆದು ಬರುತ್ತಿದ್ದೆ. ಕೂತು ಉಂಡರೆ ಎದುರಿನ ಜಾಗ ಕಾಣುತ್ತಿತ್ತು. ಟಿವಿ ಹಚ್ಚಿದರೆ ಬೇಸರ, ಆರಿಸಿದರೆ ಹೆದರಿಕೆ. ನಲವತ್ತು ಮಕ್ಕಳ ಗಲಾಟೆಯಲ್ಲಿ ಹಗಲೆಲ್ಲ ಗಂಟಲು ಹರಿದುಕೊಂಡು ಬಂದವಳು ಸಂಜೆಯಿಂದ ಬೆಳಗಿನವರೆಗೆ ಒಂದು ಮಾತೂ ಆಡದೆ ಇರುತ್ತಿದ್ದೆ. ಅಷ್ಟು ಒಂಟಿತನ ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಒಂದು ಸೋಮವಾರ ರಜೆ ಹಾಕಿ ಅವ್ವನ ಸೀರೆಗಳನ್ನು ಮಡಚುತ್ತಿದ್ದೆ. ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು. ಅಜ್ಜಾರು. ಎಪ್ಪತ್ತೈದು ದಾಟಿದ ಒಣಕಲು ಮೈ, ಬಿಳಿ ಅಂಗಿ, ಹೆಗಲಿಗೆ ಜೋಳಿಗೆ. ಕಾಲಿಗೆ ನೀರು ಕೊಟ್ಟೆ, ಕೂತರು. ಅವ್ವನ ಫೋಟೋ ನೋಡಿದರು.

'ಯವ್ವಾ, ಹರಕಿ ನಿಮ್ಮವ್ವಂದು. ಅಕೀ ಜೋಡಿ ಮುಗೀತು ಅಂದ್ರೂ ತಪ್ಪಲ್ಲ, ನಡಸತೇನಿ ಅಂದ್ರೂ ತಪ್ಪಲ್ಲ. ಕೇಳಿ ಹೋಗೂಣಂತ ಬಂದೆ.'

ಮುಗಿಯಿತು ಎನ್ನಬೇಕಿತ್ತು. ಬುದ್ಧಿಯಿದ್ದವರು ಹಾಗೆನ್ನುತ್ತಿದ್ದರು. ನನ್ನ ತಲೆಯಲ್ಲಿ ಬಂದದ್ದು ಒಂದೇ: ಇವರೂ ಬರುವುದು ಬಿಟ್ಟರೆ ಈ ಮನೆಯ ಹೊಸ್ತಿಲು ಯಾರು ದಾಟುತ್ತಾರೆ?

'ನಡಸತೇನ್ರಿ ಅಜ್ಜಾರ. ನೀವು ಬರ್ರಿ.'

'ಸೋಮವಾರ ನಿನಗ ಸಾಲಿ ಇರತೈತಿ.'

'ಹೌದಲ್ರಿ…'

'ರವಿವಾರ ಬರತೇನಿ ಹಂಗಾರ. ವಾರ ಬದಲಾತು ಅಂತ ಶಿವ ಏನ್ ಸಿಟ್ಟ ಮಾಡೂದಿಲ್ಲ.'

ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ ನಿಂತೆ. ಹಂಚು, ಪರಾತ, ಸಾಲಾಗಿ ಡಬ್ಬಿಗಳು. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತವಳಿಗೆ ಒಲೆಯ ಮುಂದೆ ನಿಲ್ಲಲು ಹೆದರಿಕೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಅಯ್ಯನವರಿಗೆ ಮಾಡಿದ ಅಡುಗೆ ಮೀಸಲು. ಅವರು ಉಣ್ಣುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ, ಮಾಡಿದವಳೂ ಕೂಡ. ಸಣ್ಣವಳಿದ್ದಾಗ ಒಮ್ಮೆ ಹಬ್ಬದ ದಿನ ಹುಗ್ಗಿಯಲ್ಲಿ ಬೆರಳಿಟ್ಟದ್ದಕ್ಕೆ ಅವ್ವ ಕೊಟ್ಟ ಏಟಿಗೆ ಸಂಜೆಯವರೆಗೂ ಕೈ ಕೆಂಪಾಗಿತ್ತು. ಇನ್ನು ಅಜ್ಜಾರ ಕಡೆಯ ನೇಮ. ತಟ್ಟೆಗೆ ಬಿದ್ದದ್ದು ಪ್ರಸಾದ, ಅದರಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಚೆನ್ನಾಗಿದೆ ಎನ್ನುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಅಂದರೆ ಲೆಕ್ಕ ಹೀಗಾಯಿತು: ನಾನು ರುಚಿ ನೋಡದೆ ಬಡಿಸಬೇಕು, ಅವರು ಹೇಗಿದ್ದರೂ ಖಾಲಿ ಮಾಡಬೇಕು. ಉತ್ತರಪತ್ರಿಕೆಯನ್ನು ತಿದ್ದದೆ ವಾಪಸು ಕೊಡುವ ಮೇಷ್ಟರ ಹತ್ತಿರ ನಾನು ಕಲಿಯಬೇಕಿತ್ತು.

ಮೊದಲ ಭಾನುವಾರ ಆಷಾಢದ ಗಾಳಿ ಕಿಟಕಿಗಳನ್ನು ಬಡಿಯುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಮೊದಲನೆಯದು ಹಲಗೆಗೇ ಅಂಟಿತು. ಎರಡನೆಯದು ಎತ್ತುವಾಗ ಎರಡಾಯಿತು. ಮೂರನೆಯದು ಹಂಚಿನ ಮೇಲೆ ಹೋಗಿ ಮೂರಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಗೋಡೆಯಾಚೆಯಿಂದ ಖಾಲಾ ಕೂಗಿದಳು. ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆದ ಹುಸೇನಬಿ, ಮದುವೆ ಮನೆಗಳಿಗೆ ರೊಟ್ಟಿ ಮಾಡಿಕೊಡುವವಳು. ಅವಳ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ, ಮೇಲೆ ಒಂದು ಜಾಳಿಗೆಯ ಕಿಂಡಿ.

'ಟೀಚರಬಾಯಿ, ಯಾರನ್ನ ಬಡ್ಯಾಕತ್ತೀ ಅಲ್ಲೆ?'

'ರೊಟ್ಟಿ ಖಾಲಾ!'

'ಯಾ ಅಲ್ಲಾ, ರೊಟ್ಟಿ ಸಪ್ಪಳ ಅಲ್ಲ ಅದು. ಹಿಟ್ಟಿಗೆ ಕುದಿಯೂ ನೀರ ಹಾಕೀಯೋ, ಬೆಚ್ಚಗಿಂದೋ?'

'ಬೆಚ್ಚಗಿಂದು.'

'ಮತ್ತ! ಜಿಗಿ ಎಲ್ಲಿಂದ ಬರಬೇಕು? ಕುದಿಯೂದು ಹಾಕು. ಕೈ ಸುಡತೈತಿ, ಸುಡಲಿ. ಛಂದಂಗಿ ನಾದು. ಆಮ್ಯಾಲೆ ಹಗೂರಕ ಬಡಿ, ಕೂಸಿನ ಬೆನ್ನ ಬಡದಂಗ.'

ಕೂಸಿನ ಬೆನ್ನು ಬಡಿದು ನನಗೇನು ಗೊತ್ತು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳು ಹೇಳಿದಂತೆ ಮಾಡಿದೆ. ಆ ದಿನ ಅಜ್ಜಾರ ತಟ್ಟೆಗೆ ಬಿದ್ದದ್ದು ಅಂಚೆಲ್ಲ ಹರಿದ ಎರಡು ದಪ್ಪ ರೊಟ್ಟಿ, ನೀರಾದ ಬೇಳೆ, ಅರ್ಧ ಬೆಂದ ಬದನೆಕಾಯಿ. ಅವರು ಕಣ್ಣು ಮುಚ್ಚಿ ನೆನೆದು, ಮುರಿದು, ನಿಧಾನಕ್ಕೆ ಅಗಿದರು. ಬದನೆಕಾಯಿ ಹಲ್ಲಿಗೆ ಸಿಕ್ಕು ಕರಕರ ಎನ್ನುವುದು ನಾಲ್ಕು ಮಾರು ದೂರಕ್ಕೆ ಕೇಳುತ್ತಿತ್ತು. ಒಂದು ಚೂರು ಬಿಡಲಿಲ್ಲ. ತೊಳೆದು ಕುಡಿದರು. 'ಶಿವಾ' ಎಂದು ಎದ್ದರು. ನಾನು ಆಮೇಲೆ ಉಣ್ಣಲು ಕೂತು ನನ್ನ ಪಾಲಿನದನ್ನು ಬಾಯಿಗೆ ಹಾಕಿದಾಗ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಹಾಗೆ ಶ್ರಾವಣ ಬಂತು, ಭಾದ್ರಪದ ಬಂತು. ಜಿಟಿಜಿಟಿ ಮಳೆಯಲ್ಲಿ ಬಬಲೇಶ್ವರದ ದಾರಿಯ ಕರಿಮಣ್ಣು ಬಸ್ಸಿನ ಮೆಟ್ಟಿಲವರೆಗೆ ಹತ್ತಿಕೊಂಡು ಬರುತ್ತಿತ್ತು. ಕಿಟಕಿಯಾಚೆ ದ್ರಾಕ್ಷಿಯ ತೋಟಗಳು ಓಡುತ್ತಿದ್ದರೆ ನಾನು ಒಳಗೆ ಕೂತು ಮುಂದಿನ ಭಾನುವಾರದ ಬೇಳೆಯನ್ನು ಯೋಚಿಸುತ್ತಿದ್ದೆ. ಒಂದು ನೋಟ್‌ಬುಕ್ ಇಟ್ಟೆ. ಗಣಿತದವಳಲ್ಲವೇ, ನೀರು ಇಷ್ಟು ಲೋಟ, ಉಪ್ಪು ಇಷ್ಟು ಚಮಚ, ಒಲೆಯ ಮೇಲೆ ಇಷ್ಟು ನಿಮಿಷ ಎಂದು ಬರೆದೆ. ಪ್ರತಿ ವಾರ ಅಜ್ಜಾರು ಹೋದ ಮೇಲೆ ನನ್ನ ತುತ್ತಿಗೆ ತಿಳಿದದ್ದನ್ನು ಮುಂದೆ ಬರೆದೆ. 'ಸಪ್ಪೆ.' 'ಹುಳಿ ಜಾಸ್ತಿ.' 'ಹಿಂಡಿ ಕಮಟು.' ಹಿಂಡಿಯೆಂದರೆ ಚಟ್ನಿಪುಡಿ, ಅದಕ್ಕೆ ಗುರೆಳ್ಳು ಹೊತ್ತಿಸಿದ್ದು ಒಂದೆರಡು ಸಲವಲ್ಲ. ಆದರೆ ಬದನೆಕಾಯಿ ಪ್ರತಿ ವಾರ ಬೇರೆ, ಹುಣಸೆಹಣ್ಣು ಬೇರೆ. ಹೋದ ವಾರದ ತಪ್ಪು ತಿದ್ದಿದರೆ ಈ ವಾರ ಹೊಸ ತಪ್ಪು. ರೊಟ್ಟಿ ಮಾತ್ರ ಖಾಲಾಳ ಕೃಪೆಯಿಂದ ದಾರಿಗೆ ಬಂತು. ಅವಳು ಒಮ್ಮೆಯೂ ನಮ್ಮ ಅಡುಗೆಮನೆಗೆ ಕಾಲಿಡಲಿಲ್ಲ, ನನ್ನ ರೊಟ್ಟಿಯನ್ನು ನೋಡಲೂ ಇಲ್ಲ. 'ಈಗ ಹರೀತು ನೋಡು' ಎಂದು ಗೋಡೆಯಾಚೆಯಿಂದ ಹೇಳಿದರೆ ಸರಿಯಾಗಿ ಆಗಲೇ ಹರಿದಿರುತ್ತಿತ್ತು. ಗಣೇಶ ಚೌತಿ ಕಳೆದ ಮೇಲಿನ ಒಂದು ಭಾನುವಾರ ನನ್ನ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿತು. 'ಖಾಲಾ, ಉಬ್ಬಿತು!' ಎಂದು ಹತ್ತು ವರ್ಷದ ಹುಡುಗಿಯ ಹಾಗೆ ಕಿರುಚಿದೆ. 'ಶಾಭಾಸ್. ಈಗ ತಗೀ, ಇಲ್ಲಂದ್ರ ಸುಡತೈತಿ' ಎಂದಳು.

ಅಜ್ಜಾರು ಉಂಡಾದ ಮೇಲೆ ಬಸ್ಸಿನ ಹೊತ್ತಾಗುವವರೆಗೆ ಹತ್ತಿಪ್ಪತ್ತು ನಿಮಿಷ ಗೋಡೆಗೆ ಒರಗಿ ಕೂರುತ್ತಿದ್ದರು. ಆಗ ಮಾತಾಡುತ್ತಿದ್ದರು. ಜೋಳ ಬಿತ್ತಿದ್ದು, ಅರಕೇರಿಯ ಕಡೆ ಮಳೆ ಹೆಚ್ಚಾದದ್ದು, ತಮ್ಮ ಸೊಸೆಗೆ ಕನ್ನಡಕ ಬಂದದ್ದು. ನನ್ನ ಶಾಲೆಯದನ್ನೂ ಕೇಳುತ್ತಿದ್ದರು. ವಾರವಿಡೀ ನಾನು ಕಾಯುತ್ತಿದ್ದುದು ಆ ಇಪ್ಪತ್ತು ನಿಮಿಷಕ್ಕೆ. ಕೋಲಿನ ಸಪ್ಪಳ ಓಣಿಯ ತಿರುವಿನಲ್ಲಿ ಅಡಗಿದ ಮೇಲೆ ನಾನು ಬಾಗಿಲು ಹಾಕಿ, ಒಬ್ಬಳೇ ಕೂತು, ತಣ್ಣಗಾದದ್ದನ್ನು ಉಣ್ಣುತ್ತಿದ್ದೆ. ಅಡುಗೆ ಕೆಟ್ಟದಾದ ವಾರ ಅಂಜಿಕೆಯಾಗುತ್ತಿತ್ತು. ಬಸ್ಸು ಹತ್ತಿ ಇಳಿದು ಇಷ್ಟು ದೂರ ಬಂದು ಇದನ್ನು ಉಣ್ಣುವ ಕರ್ಮ ಆ ಮುದುಕರಿಗೆ ಯಾಕೆ? ಒಂದು ಭಾನುವಾರ ಕಾಲು ನೋವೆಂದೋ ಊರಲ್ಲಿ ಕೆಲಸವೆಂದೋ ನೆಪ ಹೇಳಿ ನಿಲ್ಲಿಸಿಬಿಟ್ಟರೆ? ಅವರು ಬಾಯಿಬಿಟ್ಟು ಏನೂ ಹೇಳುವವರಲ್ಲವಾದ್ದರಿಂದ ಈ ಅಂಜಿಕೆಗೆ ಔಷಧವೂ ಇರಲಿಲ್ಲ.

ಚಳಿ ಬಂತು. ಎಳ್ಳ ಅಮಾವಾಸ್ಯೆಯ ಹತ್ತಿರದ ಒಂದು ಭಾನುವಾರ, ಅವ್ವ ಮಾಡುತ್ತಿದ್ದ ಹಾಗೆ ಎಲ್ಲವನ್ನೂ ಮಾಡುತ್ತೇನೆಂದು ಸೊಂಟ ಕಟ್ಟಿದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೆಸರುಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ. ಬದನೆಕಾಯಿಗೆ ತುಂಬುವ ಮಸಾಲೆಗೆ ಉಪ್ಪು ಹಾಕಿದೆ. ಅಷ್ಟರಲ್ಲಿ ಭಾನುವಾರವೂ ಬಿಡದೆ ಶಾಲೆಯವರ ಫೋನು, ಯಾವುದೋ ಪಟ್ಟಿ ತುರ್ತಾಗಿ ಬೇಕಂತೆ. ಮಾತಾಡಿ ಬಂದು ಮತ್ತೆ ಹಾಕಿದೆ. ನೋಟ್‌ಬುಕ್ಕಿನಲ್ಲಿ ರಸಕ್ಕೆ ಬೇರೆ ಉಪ್ಪು ಎಂದು ಬರೆದಿತ್ತು, ಅದನ್ನೂ ಹಾಕಿದೆ. ಒಂದು ಹನಿ ನಾಲಿಗೆಯ ಮೇಲಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮೀಸಲು, ಇಡುವಂತಿಲ್ಲ. ಘಮಘಮ ಎನ್ನುತ್ತಿತ್ತು ಬೇರೆ. ಆ ದಿನ ನನಗೆ ಎಲ್ಲಿಲ್ಲದ ಹುರುಪು. ಅಜ್ಜಾರು ಮೊದಲನೆಯ ಬದನೆಕಾಯಿ ಮುಗಿಸುವಷ್ಟರಲ್ಲಿ ಎರಡನೆಯದು ನೀಡಿದೆ. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. 'ಇರಲ್ರಿ, ಹಬ್ಬ ಐತಿ' ಎಂದು ಕೈಸಂದಿಯಲ್ಲಿ ಮೂರನೆಯದನ್ನೂ ಬೀಳಿಸಿದೆ. ಮೂರು ಸಲ ನೀರು ಕೇಳಿದರು. ಬಿಸಿಲಿಗೆ ಬಾಯಾರಿದೆ ಎಂದುಕೊಂಡೆ, ಅದೂ ಚಳಿಗಾಲದಲ್ಲಿ! ಎಲ್ಲ ಮುಗಿಸಿ, ತಟ್ಟೆ ತೊಳೆದು, ಆ ನೀರನ್ನೂ ಕುಡಿದು, ಅವತ್ತು ಕೂರದೆ ಹೊರಟುಬಿಟ್ಟರು.

ನಾನು ಕೂತೆ. ಒಂದು ತುತ್ತು ಬಾಯಿಗಿಟ್ಟೆ. ಹಾಗೇ ಎದ್ದು ಹೋಗಿ ಉಗುಳಿದೆ. ಉಪ್ಪಲ್ಲ ಅದು, ವಿಷ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಮಾಡಿದವರು ಆ ದಿನ ನನ್ನ ಕೈಗೆ ಸಿಗಬೇಕಿತ್ತು. ಎಪ್ಪತ್ತೈದು ದಾಟಿದ ಜೀವಕ್ಕೆ ಅಂಥ ಮೂರು ಬದನೆಕಾಯಿ ತಿನ್ನಿಸಿದ್ದೆ, ಅದೂ ಒತ್ತಾಯ ಮಾಡಿ. ತಟ್ಟೆಯ ಮುಂದೆ ಕೂತು ಅತ್ತೆ. ಅವ್ವ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಗೋಡೆಯಾಚೆ ಖಾಲಾಳ ಪಾತ್ರೆಗಳ ಸಪ್ಪಳ ನಿಂತಿತು. ಅವಳು ಏನೂ ಕೇಳಲಿಲ್ಲ, ಅದಕ್ಕೆ ನಾನು ಅವಳಿಗೆ ಇವತ್ತಿಗೂ ಋಣಿ.

ಆ ವಾರ ಹೇಗೆ ಕಳೆಯಿತೋ. ಬೀಜಗಣಿತ ಕಲಿಸುತ್ತ ಎರಡು ಸಲ ಚಿಹ್ನೆ ತಪ್ಪಿಸಿದೆ. ಭಾನುವಾರ ಅಡುಗೆ ಮಾಡಿದೆ, ಬಾಗಿಲು ತೆರೆದಿಟ್ಟು ಕಾದೆ. ಎಂದಿನ ಹೊತ್ತು ಮೀರಿತು. ಬರುವುದಿಲ್ಲ ಎಂದು ಖಾತ್ರಿಯಾಯಿತು. ಎದ್ದು ಬಾಗಿಲು ಹಾಕಬೇಕು, ಕೋಲಿನ ಸಪ್ಪಳ. 'ತಿಕೋಟಾದಾಗ ಬಸ್ ತಡಾ ಆತವ್ವಾ' ಎಂದರು. ಅಷ್ಟೇ. ಎಂದಿನ ಹಾಗೆ ಕೂತು, ಉಂಡು, ತೊಳೆದು ಕುಡಿದರು.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ ಅಯ್ಯನವರ ಮುಂದೆ ನಿಂತಿದ್ದೇನೆಂಬ ಎಚ್ಚರವೂ ಉಳಿಯಲಿಲ್ಲ.

'ಹ್ವಾದ ವಾರ ಉಪ್ಪು ಎಷ್ಟಾಗಿತ್ತು ಅಂತ ಒಂದ ಮಾತ ಹೇಳಬಾರದೇನ್ರಿ ಅಜ್ಜಾರ?'

'ಪ್ರಸಾದಕ್ಕ ಉಪ್ಪು ಹುಳಿ ಕೇಳಬಾರದವ್ವಾ.'

'ನೀವು ಕೇಳೂದಿಲ್ಲ, ನಾ ರುಚಿ ನೋಡೂಹಂಗಿಲ್ಲ. ಹಂಗಾರ ನಾ ಕಲಿಯೂದು ಹ್ಯಾಂಗ್ರಿ? ಆರು ತಿಂಗಳಾತು, ಗೋಡಿಗೆ ಊಟಕ್ಕ ಹಾಕಿದಂಗ ಆಗೈತಿ ನನಗ! ಅವ್ವ ಇದ್ದಾಗ ಅಮೃತ ಉಂಡ್ರಿ, ಈಗ ಇದನ್ನ ಉಂಡು ಯಾರ ಪಾಪ ಕಳ್ಯಾಕತ್ತೀರಿ ನೀವು?'

ಮಾತು ಬಾಯಿಂದ ಹೊರಬಿದ್ದ ಮೇಲೆ ಎಚ್ಚರವಾಯಿತು. ಜಂಗಮರಿಗೆ ಇಂಥ ಮಾತು! ಮುಗಿಯಿತು, ಇನ್ನು ಇವರು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಅಜ್ಜಾರು ಒರೆಸಿದ ತಟ್ಟೆಯನ್ನು ಪಕ್ಕಕ್ಕಿಟ್ಟು, ಅವ್ವನ ಫೋಟೋದ ಕಡೆ ನೋಡಿದರು. ಮುಖದ ಮೇಲೆ ಕಳ್ಳ ನಗುವಿನಂಥದ್ದು ಏನೋ ಇತ್ತು.

'ನಿಮ್ಮವ್ವ ಮೊದಲ ಮೊದಲ ಹ್ಯಾಂಗ ಮಾಡತಿದ್ಲು, ಗೊತ್ತೇನು? ದಿನಾ ಅಡಗಿ ಮಾಡೂ ಹೆಣಮಗಳು, ಖರೆ. ಆದ್ರ ನನಗ ಮಾಡೂ ದಿವಸ ಅಂಜಿ ಅಂಜಿ ಮಾಡಾಕಿ. ಒಂದ ವಾರ ಉಪ್ಪು, ಒಂದ ವಾರ ಸಪ್ಪ. ಒಂದ ವರ್ಷ ಹಂಗ ನಡೀತು. ಆಮ್ಯಾಲೆ ಒಂದ ಸೋಮವಾರ ಎಲ್ಲಾ ಬರೋಬರಿ ಆತು. ಅವತ್ತಿನಿಂದ ಹತ್ತೊಂಬತ್ತ ವರ್ಷ ತಪ್ಪಲಿಲ್ಲ.' ಜೋಳಿಗೆಯನ್ನು ಹೆಗಲಿಗೇರಿಸುತ್ತ ಹೇಳಿದರು. 'ನಾಲಿಗಿಗೆ ಇಟ್ಟ ನೋಡದ ಯಾರ ಕೈಯೂ ಹತ್ತೊಂಬತ್ತ ವರ್ಷ ತಪ್ಪದಂಗ ನಡಿಯೂದಿಲ್ಲವ್ವಾ.'

ಸಾಬೀತು ಮಾಡಲು ಇದಕ್ಕಿಂತ ಹೆಚ್ಚು ಬೇಕಿಲ್ಲ. ನನ್ನ ಕೈಗೆ ಏಟು ಕೊಟ್ಟ ಮಡಿವಂತ ಹೆಂಗಸು ಹತ್ತೊಂಬತ್ತು ವರ್ಷ ಕದ್ದು ರುಚಿ ನೋಡಿದ್ದಳು!

'ನಿಮಗ ಗೊತ್ತಿತ್ತೇನ್ರಿ?'

'ಗೊತ್ತಿತ್ತು. ಅಕಿ ಅಂಜತಾಳಂತ ಹೇಳಲಿಲ್ಲ. ಮೀಸಲಾ ದೇವರಿಗೆ ಇಡು. ನಾ ಮುದುಕ ಅದೇನಿ. ನೀ ರುಚಿ ನೋಡು.'

ಕೋಲೂರಿ ಎದ್ದು ಹೋದರು. ನಾನು ಅವ್ವನ ಫೋಟೋದ ಮುಂದೆ ನಿಂತು, 'ಏನಬೇ ಕಳ್ಳಿ' ಎಂದೆ. ಅವಳು ಹೋದಮೇಲೆ ಅವಳ ಮುಂದೆ ನಕ್ಕದ್ದು ಅದೇ ಮೊದಲು. ಇದನ್ನು ಹೇಳಿ ಅವಳನ್ನು ಕಾಡಿಸಲು ಅವಳೇ ಇಲ್ಲವಲ್ಲ ಎಂದು ಆಮೇಲೆ ಹೊಟ್ಟೆ ಉರಿಯಿತು.

ಮುಂದಿನ ಭಾನುವಾರ ಚಮಚದ ತುದಿಯಲ್ಲಿ ಬೇಳೆ ಎತ್ತಿಕೊಂಡು, ಅಂಗೈಗೆ ಹಾಕಿಕೊಂಡು, ನಾಲಿಗೆಗೆ ಮುಟ್ಟಿಸಿದೆ. ಉಪ್ಪು ಕಡಿಮೆ. ಹಾಕಿದೆ. ಮತ್ತೆ ನೋಡಿದೆ. ಬೆಲ್ಲದ ಒಂದು ಚೂರು ಬೇಕೆನಿಸಿತು, ಹಾಕಿದೆ. ಅಷ್ಟೇ ನೋಡಿ. ಇಷ್ಟಕ್ಕಾಗಿ ನಾನು ಆರು ತಿಂಗಳು ಅಕ್ಷರ ಅಕ್ಷರ ಬರೆದಿದ್ದೆ. ಅಂದಿನಿಂದ ನೋಟ್‌ಬುಕ್ ತೆರೆಯುವುದು ಕಡಿಮೆಯಾಯಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ನಾಲಿಗೆಗೆ ತಿಳಿದದ್ದು ಮೂಗಿಗೂ ಬಂತು. ಒಗ್ಗರಣೆಯ ವಾಸನೆಯಿಂದಲೇ ಬೆಳ್ಳುಳ್ಳಿ ಹಸಿಯೋ ಕೆಂಪೋ ತಿಳಿಯುತ್ತಿತ್ತು. ಕೈಬೆರಳಿಗೇ ಹಿಟ್ಟಿನ ಹದ ಗೊತ್ತಾಗುತ್ತಿತ್ತು. ಭಾನುವಾರದ ಕೈ ಬುಧವಾರಕ್ಕೂ ಬಂತು, ಖಾನಾವಳಿಯ ಡಬ್ಬಿ ಬಿಡಿಸಿದೆ. ಒಂದು ಸಂಜೆ ಎಣ್ಣೆಗಾಯಿಯನ್ನು ಬಟ್ಟಲಲ್ಲಿ ಹಾಕಿ ಖಾಲಾಗೆ ಕೊಟ್ಟೆ. ಬೆರಳು ನೆಕ್ಕಿ, 'ನಿಮ್ಮವ್ವನ ಕೈ ಅಲ್ಲ ಇದು. ನಿಂದ ಬ್ಯಾರೆ ಐತಿ. ಆದ್ರ ಐತಿ' ಎಂದಳು. ಆ 'ಐತಿ' ಕೇಳಿ ಹಿಗ್ಗಿ ಮನೆಗೆ ಬಂದೆ. ಬಂದರೆ ಮನೆ ಹಾಗೇ ಇತ್ತು. ಚೆನ್ನಾಗಿ ಅಡುಗೆ ಮಾಡಲು ಬಂದರೆ ಒಂಟಿತನ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಟ್ಟ ಅಡುಗೆಯನ್ನು ನಿಂತುಕೊಂಡು ತಿಂದು ಮುಗಿಸಬಹುದು. ಒಳ್ಳೆಯ ಎಣ್ಣೆಗಾಯಿ ಮಾಡಿಕೊಂಡು ಒಬ್ಬಳೇ ಕೂತಾಗ ಯಾರಾದರೂ ಇರಬೇಕಿತ್ತು ಎಂದು ಹೆಚ್ಚೇ ಅನಿಸುತ್ತದೆ.

ಅಜ್ಜಾರ ಊಟ ಎಂದಿನಂತೆಯೇ ನಡೆದಿತ್ತು. ಕೆಟ್ಟದ್ದನ್ನು ಹೇಗೆ ಉಂಡಿದ್ದರೋ ಒಳ್ಳೆಯದನ್ನೂ ಹಾಗೇ ಉಣ್ಣುತ್ತಿದ್ದರು, ಅದೇ ನಿಧಾನ, ಅದೇ ಮೌನ. ಅವರ ಬಾಯಿಂದ ಒಮ್ಮೆ 'ಚಲೋ ಆಗೈತಿ' ಎಂದು ಕೇಳಬೇಕೆಂಬ ಆಸೆ ನನಗೆ ಹಸಿವಿಗಿಂತ ಹೆಚ್ಚಾಗಿತ್ತು. ನೇಮ ಗೊತ್ತಿದ್ದೂ ಕಾಯುತ್ತಿದ್ದೆ. ಕೈತೊಳೆಯಲು ನೀರು ಹಾಕುವಾಗ ಮುಖ ನೋಡುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ.

ಶಿವರಾತ್ರಿ ಕಳೆಯಿತು, ಬಿಸಿಲೇರಿತು. ಬಬಲೇಶ್ವರದ ದಾರಿಯಲ್ಲಿ ದ್ರಾಕ್ಷಿ ಒಣಹಾಕುವ ಶೆಡ್ಡುಗಳು ತುಂಬಿ, ಬಸ್ಸಿನೊಳಗೂ ಸಿಹಿಯಾದ ಹುಳಿ ಗಾಳಿ ಬರುತ್ತಿತ್ತು. ಅಜ್ಜಾರ ಮೊಣಕಾಲು ಬಾತಿತ್ತು. ಹೊಸ್ತಿಲು ದಾಟಲು ಬಾಗಿಲ ಚೌಕಟ್ಟು ಹಿಡಿಯುತ್ತಿದ್ದರು. ನಾನು ನೋಡಿಯೂ ನೋಡದಂತಿದ್ದೆ, ಕೇಳಿದರೆ ಎಲ್ಲಿ ನಿಜ ಹೇಳಿಬಿಡುತ್ತಾರೋ ಎಂದು. ಯುಗಾದಿಗೆ ಮುಂಚಿನ ಭಾನುವಾರ ಅವರೇ ಹೇಳಿದರು, ಊಟಕ್ಕೆ ಮೊದಲೇ.

'ಇನ್ನ ಬಸ್ ಹತ್ತೂದು ಆಗೂದಿಲ್ಲವ್ವಾ. ಇದ ಕಡೀದು. ಬೇಕಂದ್ರ ನನ್ನ ತಮ್ಮನ ಮಗನ್ನ ಕಳಸತೇನಿ, ಅಂವ ಬರತಾನ.'

'ಬ್ಯಾಡ್ರಿ.'

'ಹಂಗಾರ ಹರಕಿ ಮುಟ್ಟಿತು ಅಂತ ತಿಳಿ.'

'ಮುಟ್ಟೂದು ಹ್ಯಾಂಗ್ರಿ ಅಜ್ಜಾರ? ಮದುವಿ ಆಗಿಲ್ಲಲ್ಲ ಇನ್ನೂ' ಎಂದೆ. ಅಳು ಬರಬಾರದೆಂದು ಆಡಿದ ಮಾತು. ಅಜ್ಜಾರು ಬಾಯ್ತುಂಬ ನಕ್ಕರು.

ಬಡಿಸಿದೆ. ಬಿಳಿಜೋಳದ ರೊಟ್ಟಿ ಕಾಗದದಂತೆ ಬಂದಿತ್ತು. ಎಣ್ಣೆಗಾಯಿ, ಬೇಳೆ, ಗುರೆಳ್ಳು ಹಿಂಡಿ, ಕೆನೆಮೊಸರು, ಕೊನೆಗೆ ಗೋಧಿ ಹುಗ್ಗಿ. ಎಲ್ಲವನ್ನೂ ಉಂಡರು. ತೊಳೆದು ಕುಡಿದರು. ನಾನು ಕೈಗೆ ನೀರು ಹಾಕಿ ಮುಖ ನೋಡಿದೆ. ಇವತ್ತಾದರೂ ಒಂದು ಮಾತು. ಇನ್ನು ಮುಂದೆ ಕೇಳಲು ಭಾನುವಾರವೇ ಇಲ್ಲ. ಅವರು ಕೈ ಒರೆಸಿಕೊಂಡು ಗೋಡೆಗೆ ಒರಗಲಿಲ್ಲ, ಕೋಲನ್ನೂ ಎತ್ತಲಿಲ್ಲ. ತಾವು ಕೂತಿದ್ದ ಮಣೆಯನ್ನು ನನ್ನ ಕಡೆ ಸರಿಸಿದರು.

'ಕೂಡು.'

'ನಾ ಆಮ್ಯಾಲೆ ಉಣತೇನ್ರಿ. ನಿಮಗ ಬಸ್ ತಪ್ಪತೈತಿ.'

'ತಪ್ಪಲಿ. ನಾ ಹ್ವಾದ ಮ್ಯಾಲೆ ನೀ ಒಬ್ಬಾಕಿ ಕುಂತು ತಣ್ಣಗಾಗಿದ್ದು ಉಣತಿ. ನನಗ ಗೊತ್ತಿಲ್ಲಂತ ತಿಳದೀಯೇನು? ಕೂಡು, ಇವತ್ತ ನಾ ನೀಡತೇನಿ.'

'ನೀವು ನೀಡಬಾರದ್ರಿ ಅಜ್ಜಾರ, ಪಾಪ ಬರತೈತಿ ನನಗ.'

'ಬರಲಿ, ನನಗ ಕೊಡು ಅದನ್ನ' ಎಂದು ರೊಟ್ಟಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು.

ಕೂತೆ. ಆ ಬಾತ ಮೊಣಕಾಲು ಮಡಚಲಾಗದೆ ಒಂದು ಕಡೆ ಚಾಚಿಕೊಂಡು, ಬುಟ್ಟಿಯಿಂದ ರೊಟ್ಟಿ ತೆಗೆದು ಹಾಕಿದರು. ಎಣ್ಣೆಗಾಯಿ ಇಟ್ಟರು. ಹಿಂಡಿಯ ನಡುವೆ ಬೆರಳಿಂದ ಗುಳಿ ಮಾಡಿ ಎಣ್ಣೆ ಬಿಟ್ಟರು. ಅವ್ವ ಹೋದ ಮೇಲೆ ನನ್ನ ತಟ್ಟೆಗೆ ಬೇರೊಬ್ಬರ ಕೈಯಿಂದ ಏನಾದರೂ ಬಿದ್ದದ್ದು ಅದೇ ಮೊದಲು. ತಟ್ಟೆ ಮಸುಕಾಗಿ ಕಂಡಿತು. ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟೆ. ಬಿಸಿಯಿತ್ತು. ಅಜ್ಜಾರು ನನ್ನ ಮುಖವನ್ನೇ ನೋಡುತ್ತಿದ್ದರು, ಇಷ್ಟು ದಿನ ನಾನು ಅವರದನ್ನು ನೋಡುತ್ತಿದ್ದ ಹಾಗೆ.

'ಹ್ಯಾಂಗ ಆಗೈತಿ?' ಎಂದು ಕೇಳಿದರು.

ಉಪ್ಪು ಸರಿಯಾಗಿತ್ತು. ಖಾರ ಸರಿಯಾಗಿತ್ತು. ಬದನೆಕಾಯಿ ಬೆಣ್ಣೆಯ ಹಾಗೆ ಬೆಂದಿತ್ತು. ಇನ್ನು ಮುಂದೆ ಈ ಮನೆಯಲ್ಲಿ ಅದನ್ನು ಹೇಳುವವಳು ನಾನೊಬ್ಬಳೇ ಎಂದು ಆ ತುತ್ತು ನುಂಗುವಾಗ ತಿಳಿಯಿತು.

'ಚಲೋ ಆಗೈತ್ರಿ' ಎಂದೆ.